ಕಂಡಿಕೆ ಮುಗಿದ ಮಧ್ಯಾಹ್ನ

ದೆವ್ವ, ಗಾಳಿ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ಹಾಗೆ ನೋಡಿದರೆ ನಂಬದೇ ಇರುವುದು ನಮ್ಮ ಮನೆಯ ಕಸುಬು. ನಮ್ಮಪ್ಪ ಆದೋನಿಯಲ್ಲಿ ಮದುವೆ, ಮುಂಜಿ, ಸಭೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಯಾರೂ ಮಾತಾಡದಿದ್ದರೂ ಸ್ಪೀಕರ್ ಗೊಣಗಿದರೆ, ಹಾಡಿನ ನಡುವೆ ಯಾರದೋ ದನಿ ತೂರಿ ಬಂದರೆ ಜನ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು. ಅಪ್ಪ ಮಾತ್ರ ಬೀಡಿ ಪಕ್ಕಕ್ಕಿಟ್ಟು ವೈರು ತಡಕುತ್ತಿದ್ದರು. "ದೆವ್ವ ಅಂಬೋದು ಲೂಸ್ ಕನೆಕ್ಷನ್ನು, ಅಷ್ಟ" ಎನ್ನುವುದು ಅವರ ಮಾತು. ನಾನು ಅದನ್ನು ಹಾಲಿನ ಜೊತೆಗೇ ಕುಡಿದು ಬೆಳೆದೆ. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಲು ಶುರುಮಾಡಿದ ಮೇಲಂತೂ ಈ ಹೆಮ್ಮೆ ಇನ್ನೊಂದು ಗೇಣು ಉದ್ದವಾಯಿತು. ಯಾರಾದರೂ ಇಂಥ ಕಥೆ ತೆಗೆದರೆ ಮೊದಲು ಅಡ್ಡ ಬಾಯಿ ಹಾಕುವವಳು ನಾನೇ. ಆದ್ದರಿಂದ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಇಂಥವು ರಾತ್ರಿ ಹೊತ್ತೇ ನಡೆಯಬೇಕೆಂದು ಒಂದು ರೂಢಿ ಇದೆ. ನನ್ನದು ನಡೆದದ್ದು ಮಟಮಟ ಮಧ್ಯಾಹ್ನ, ಕೆಲವು ವರ್ಷಗಳ ಹಿಂದೆ, ಎಮ್ಮಿಗನೂರಿನ ನೇಕಾರರ ಓಣಿಯ ಒಂದು ಮನೆಯಲ್ಲಿ, ನನ್ನ ಬಾಯಲ್ಲಿ ರೊಟ್ಟಿಯ ತುತ್ತು ಇರುವಾಗ.

ಮೊದಲು ನನ್ನ ಹುಚ್ಚಿನ ವಿಷಯ ಹೇಳಬೇಕು. ದನಿಯನ್ನು ರೆಕಾರ್ಡ್ ಮಾಡದೆ, ಬರೆದೇ ಹುಟ್ಟಿಸುವ ಪ್ರೋಗ್ರಾಮಿಂಗ್ ಭಾಷೆಗಳಿವೆ. ಇಷ್ಟು ಎತ್ತರದ ಒಂದು ನಾದ ತಗೋ, ಅದಕ್ಕೆ ಒಂದಿಷ್ಟು ಗೊರಗೊರ ಬೆರೆಸು, ಹುಟ್ಟಿದ ಕೂಡಲೇ ಆರಿಸಿಬಿಡು ಎಂದು ಸಾಲು ಸಾಲಾಗಿ ಬರೆದರೆ ಕಂಪ್ಯೂಟರ್ ಕಟ್ಟಿಗೆಗೆ ಕಟ್ಟಿಗೆ ಬಡಿದ ಸದ್ದು ಮಾಡುತ್ತದೆ. ಅಲ್ಲಿ ಕಟ್ಟಿಗೆಯೂ ಇರುವುದಿಲ್ಲ, ಬಡಿದವರೂ ಇರುವುದಿಲ್ಲ. ಮೊದಲೆಲ್ಲ ಈ ಭಾಷೆಗಳನ್ನು ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಹಾಕಿ, ಒಂದೊಂದರ ರಗಳೆಯನ್ನು ಒಂದೊಂದು ಥರ ತೀರಿಸಬೇಕಿತ್ತು. ಈಗ ಅವು ಬ್ರೌಸರಿನೊಳಗೇ ಓಡುತ್ತವೆ. ಫೋನಿನಲ್ಲಿ ನೀವು ಸುದ್ದಿ ಓದುತ್ತೀರಲ್ಲ, ಅಂಥದೇ ಒಂದು ಪುಟದೊಳಗೆ. ಲಿಂಕ್ ಒಂದನ್ನು ಕೊಟ್ಟರೆ ಸಾಕು, ಯಾರ ಫೋನಾದರೂ ವಾದ್ಯವಾಗುತ್ತದೆ. ಕಲಾ ಪ್ರದರ್ಶನ ಮಾಡುವವರಿಗೆ ಇದೊಂದು ದೊಡ್ಡ ಅನುಕೂಲ.

ಆದರೆ ಅದಕ್ಕೊಂದು ಕಟ್ಟುಪಾಡಿದೆ. ಮುಟ್ಟದೆ ಬ್ರೌಸರ್ ಬಾಯಿ ಬಿಡುವುದಿಲ್ಲ. ಹಿಂದೆ ಪುಟ ತೆರೆದ ಕೂಡಲೇ ಜಾಹೀರಾತುಗಳು ಅರಚಿಕೊಳ್ಳುತ್ತಿದ್ದವು, ಜನ ಬೇಸತ್ತರು, ಅದಕ್ಕೆ ಬ್ರೌಸರ್ ಮಾಡುವವರು ಈ ನಿಯಮ ತಂದರು: ಮನುಷ್ಯರ ಬೆರಳು ಪರದೆಯನ್ನು ಮುಟ್ಟಬೇಕು, ಆಮೇಲೇ ಸದ್ದು. ನನ್ನ ಕಸುಬಿನವರೆಲ್ಲ ಈ ನಿಯಮಕ್ಕೆ ಶಾಪ ಹಾಕಿದ್ದೇವೆ, ಕಳ್ಳದಾರಿ ಹುಡುಕಿ ಸೋತಿದ್ದೇವೆ. ಇಷ್ಟು ನಿಮಗೆ ಗೊತ್ತಿದ್ದರೆ ಮುಂದಿನದು ಅರ್ಥವಾಗುತ್ತದೆ.

ಆ ವರ್ಷ ಹೊರಗಿನ ಒಂದು ಕಲಾವಿದರ ಗುಂಪು ಆದೋನಿಗೆ ಬಂದು, ಮುಚ್ಚಿಹೋದ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನ ಗೋದಾಮಿನಲ್ಲಿ ಪ್ರದರ್ಶನ ಮಾಡಲು ಹೊರಟಿತ್ತು. ಧ್ವನಿಯ ಕೆಲಸ ನನಗೆ ಬಂತು. ನೋಡಲು ಬಂದವರು ತಮ್ಮ ಫೋನಿನಲ್ಲಿ ನನ್ನ ಪುಟ ತೆರೆದು ಮುಟ್ಟಬೇಕು. ಒಂದೊಂದು ಫೋನೂ ಒಂದೊಂದು ಕೈಮಗ್ಗವಾಗಿ ಲಟಕಟ ಎನ್ನಬೇಕು. ಜನ ಸೇರಿದ ಹಾಗೆಲ್ಲ ಗೋದಾಮಿನೊಳಗೆ ಇಡೀ ನೇಕಾರರ ಓಣಿಯ ಸದ್ದು ಏಳಬೇಕು. ನಡುವೆ ಮಾತ್ರ ಒಂದು ನಿಜವಾದ ಮಗ್ಗ, ಅರ್ಧ ನೇಯ್ದ ಬಟ್ಟೆಯ ಸಮೇತ, ಸದ್ದಿಲ್ಲದೆ ನಿಂತಿರಬೇಕು. ಆ ಮೂಕ ಮಗ್ಗದ ಕಲ್ಪನೆ ಅವರಿಗೆಲ್ಲ ಬಹಳ ಹಿಡಿಸಿತ್ತು. ನನಗೂ ಹಿಡಿಸಿತ್ತು, ಸುಳ್ಳು ಯಾಕೆ ಹೇಳಲಿ.

ಆ ಮಗ್ಗ ಮಲ್ಲಮ್ಮಕ್ಕನದು. ವಯಸ್ಸು ಐವತ್ತರ ಆಸುಪಾಸು. ಗಂಡ ಹಿಂದಿನ ವರ್ಷ ತೀರಿಕೊಂಡಿದ್ದರು, ಮಗ್ಗದ ಮೇಲೆ ಬೆಡ್‌ಶೀಟಿನ ಹಾಸು, ಅಂದರೆ ಉದ್ದಕ್ಕೆ ಹೂಡಿದ ನೂಲು, ಅರ್ಧಕ್ಕೇ ನಿಂತಿತ್ತು. ಅದು ಕುಣಿಮಗ್ಗ, ಅಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಕೆಳಗಿನ ಹಲಗೆ ತುಳಿಯುತ್ತ ನೇಯುವಂಥದು. ಓಣಿಯ ಬೇರೆ ಮನೆಗಳಲ್ಲಿ ಹೆಂಗಸರೂ ನೇಯುತ್ತಾರೆ. ಮಲ್ಲಮ್ಮಕ್ಕನ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಮಾತ್ರ ಹೆಂಗಸರು ಕುಣಿಗೆ ಇಳಿಯುವ ಪದ್ಧತಿ ಇರಲಿಲ್ಲ. ಅವರ ಕೆಲಸ ಕಂಡಿಕೆ ಸುತ್ತುವುದು. ರಾಟಿಯಿಂದ ಅಡ್ಡನೂಲನ್ನು ಬೆರಳುದ್ದದ ಕೊಳವೆಗೆ ಸುತ್ತಿದರೆ ಅದು ಕಂಡಿಕೆ. ಅದು ಲಾಳಿಯೊಳಗೆ ಕೂರುತ್ತದೆ, ಲಾಳಿ ಹಾಸಿನ ಎಳೆಗಳ ನಡುವೆ ಅತ್ತಿತ್ತ ಓಡುತ್ತದೆ. ಕಂಡಿಕೆ ಖಾಲಿಯಾದರೆ ಮಗ್ಗ ನಿಂತಿತು. ಗಂಡ ಹೋದ ಮೇಲೆ ಮಲ್ಲಮ್ಮಕ್ಕ ಓಣಿಯವರಿಗೆ ಕಂಡಿಕೆ ಸುತ್ತಿಕೊಟ್ಟು ಜೀವನ ನಡೆಸುತ್ತಿದ್ದಳು. ಮಗ್ಗದ ಮೇಲೆ ಗಂಡನ ಪಂಚೆ ಹೊದಿಸಿ, ಸೋಮವಾರಕ್ಕೊಮ್ಮೆ ಧೂಳು ಕೊಡವಿ ವಿಭೂತಿ ಹಚ್ಚುತ್ತಿದ್ದಳು.

ಮಗ್ಗವನ್ನು ಪ್ರದರ್ಶನಕ್ಕೆ ಕೊಡಿಸಿದವನು ಅವಳ ಮೈದುನ ವೀರೇಶ. ಅವನೂ ನೇಕಾರನೇ, ಎರಡು ಮನೆ ಆಚೆಗೆ. ಕುಣಿಯಿಂದ ಎತ್ತಬೇಕಾದರೆ ಹಾಸನ್ನು ಕತ್ತರಿಸದೆ ಗತಿಯಿಲ್ಲ ಎಂದು ಅವನೇ ಹೇಳಿದ್ದ. ಕತ್ತರಿಸುವುದೆಂದರೆ ಏನೆಂದು ನನಗೆ ಆಗ ಗೊತ್ತಿರಲಿಲ್ಲ. ಹಾಸು ಮುಗಿಯುತ್ತ ಬಂದಾಗ ನೇಕಾರರು ಅದನ್ನು ಬರಿದು ಮಾಡುವುದಿಲ್ಲ. ಹಳೆಯ ಎಳೆಗಳ ತುದಿಯನ್ನು ಹಣಿಗೆಯಲ್ಲಿ, ಅಂದರೆ ಎಳೆಗಳು ಹಾದುಬರುವ ಬಾಚಣಿಗೆಯಂಥ ಚೌಕಟ್ಟಿನಲ್ಲಿ, ಉಳಿಸಿಕೊಂಡು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಹೊಸೆದು ಸೇರಿಸುತ್ತಾರೆ. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಆ ಮಗ್ಗದಲ್ಲಿ ಮಲ್ಲಮ್ಮಕ್ಕನ ಮಾವ ಮೊದಲ ಹಾಸು ಹೂಡಿದಂದಿನಿಂದ ಎಳೆಯ ಸಂಬಂಧ ಕಡಿದೇ ಇರಲಿಲ್ಲ. ಒಂದು ಹಾಸಿನ ಬಾಲಕ್ಕೆ ಇನ್ನೊಂದು, ಅದರ ಬಾಲಕ್ಕೆ ಮತ್ತೊಂದು. ಈಗ ಕತ್ತರಿ ಹಾಕಿದರೆ ಅಲ್ಲಿಗೆ ತೀರಿತು.

"ಹೋಗ್ಲಿ ಬಿಡವ್ವಾ, ನೇಯೋರು ಇಲ್ಲದ ಮ್ಯಾಲೆ ಕಟ್ಗಿ ಇಟ್ಕಂಡು ಏನ್ ಮಾಡ್ಲಿ" ಎಂದು ಅವಳು ನನ್ನ ಮುಂದೆ ಹೇಳಿದ್ದಳು. ಹೇಳುವಾಗ ಕೈ ಮಾತ್ರ ಪಂಚೆಯ ಅಂಚನ್ನು ಸರಿಮಾಡುತ್ತಿತ್ತು.

ಮರುದಿನ ಟ್ರ್ಯಾಕ್ಟರ್ ಬರುವುದೆಂದು ಗೊತ್ತಾಗಿತ್ತು. ಅದಕ್ಕೆ ಮುಂಚೆ ನಾನು ನನ್ನ ಪ್ರೋಗ್ರಾಮಿನ ಮಗ್ಗವನ್ನು ಅವಳ ಕಿವಿಗೆ ಒಮ್ಮೆ ಹಾಕಿ ನೋಡೋಣವೆಂದು, ಪ್ರದರ್ಶನಕ್ಕೆ ತರಿಸಿದ್ದ ಅಗ್ಗದ ಟ್ಯಾಬ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಆದೋನಿಯಿಂದ ಬೆಳಗಿನ ಬಸ್ ಹತ್ತಿದೆ. ಅವಳ ಮನೆಯಲ್ಲಿ ಒಂದು ಟ್ಯಾಬನ್ನು ಮಗ್ಗದ ನಡುವೆ, ಪಂಚೆಯ ಮೇಲೆ ಇಟ್ಟೆ. ಉಳಿದವನ್ನು ಗೂಡಿನಲ್ಲಿ, ಕಿಟಕಿಯಲ್ಲಿ ಇಟ್ಟೆ. ಒಂದೊಂದನ್ನೇ ಮುಟ್ಟಿ ಸದ್ದು ಹೊರಡಿಸಿದೆ. ಮಲ್ಲಮ್ಮಕ್ಕ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿ ಕೇಳಿದಳು.

"ಸಪ್ಪಳ ಛಲೋ ಐತಿ" ಎಂದಳು. ನಾನು ಉಬ್ಬಿದೆ. "ಆದ್ರ ನಿನ್ನ ಮಗ್ಗಕ್ಕ ಕಂಡಿಕೀನ ಮುಗ್ಯಂಗಿಲ್ಲೇನು? ಆವಾಗಿಂದ ಒಂದ ಸಮ ಹೊಡ್ಯಾಕತ್ತೈತಿ. ಪಾಪ, ನಿಂತು ಒಂದ್ ಗುಟುಕು ನೀರ್ ಕುಡೀಲಿಲ್ಲ."

"ನೂಲಿಲ್ಲದ ಮಗ್ಗ ಅಕ್ಕಾ ಇದು. ಮುಗಿಯೋದು ಎಲ್ಲಿಂದ?"

"ಹಂಗಾದ್ರ ಮನಿಯಾಕಿಗೆ ಕೆಲ್ಸಾನ ಇಲ್ಲ ಬಿಡು" ಎಂದು ನಕ್ಕಳು.

ದಾರ ಮುಗಿಯದ ಮಗ್ಗ ನನಗೇನೋ ಚೆನ್ನಾಗಿಯೇ ಕಂಡಿತು. ಅದಕ್ಕೇ ವಾದಕ್ಕೆ ಇಳಿದೆ. ಅವಳು ವಾದ ಮಾಡಲಿಲ್ಲ, ತನ್ನದೊಂದು ಮಾತು ಹೇಳಿದಳು. ಗಂಡ ನೇಯುವಾಗ ಅವಳು ಮಗ್ಗದ ಬಲಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ರಾಟಿ ಹಾಕಿಕೊಂಡು ಕೂರುತ್ತಿದ್ದಳಂತೆ. ಲಾಳಿಯ ಸದ್ದು ಹಗುರಾದರೆ ಕಂಡಿಕೆ ತೆಳುವಾಗುತ್ತಿದೆ ಎಂದು ಕಿವಿಗೇ ತಿಳಿಯುತ್ತಿತ್ತು. ಮಗ್ಗ ನಿಲ್ಲುವ ಮೊದಲೇ ಹೊಸ ಕಂಡಿಕೆ ಅವರ ಕೈ ಹತ್ತಿರ ಇರುತ್ತಿತ್ತು. "ಅಷ್ಟ್ ವರ್ಸದಾಗ ಒಂದ್ಸಲಾನೂ ಕಂಡಿಕಿ ಕೊಡಂತ ಕರಿಸ್ಕಂಡಿಲ್ಲ ನಾನು. ಅವ್ರೂ ತಿರುಗಿ ನೋಡ್ತಿದ್ದಿಲ್ಲ, ನಾನೂ ನೋಡ್ತಿದ್ದಿಲ್ಲ. ಕೈಗೆ ಕೈ ಗೊತ್ತಿತ್ತು." ಗಂಡನ ಬಗ್ಗೆ ಅವಳು ಆ ದಿನ ಬೆಳಿಗ್ಗೆ ಹೇಳಿದ್ದು ಇಷ್ಟೇ.

ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ಬೇಸಿಗೆಯಲ್ಲಿ ನಮ್ಮ ಕಡೆ ಅದೇನು ವಿಶೇಷವಲ್ಲ. ನಾನು ಪುಟಗಳನ್ನೆಲ್ಲ ಮುಚ್ಚಿ, ಪರದೆ ಆರಿಸಿ, ಟ್ಯಾಬ್‌ಗಳನ್ನು ಚೀಲಕ್ಕೆ ಹಾಕಿದೆ. ಮಗ್ಗದ ಮೇಲಿನದನ್ನು ಆರಿಸಿ ಅಲ್ಲೇ ಬಿಟ್ಟೆ, ಊಟವಾದ ಮೇಲೆ ತೆಗೆದುಕೊಂಡರಾಯಿತು ಎಂದು. ಉಣ್ಣದೆ ಹೋಗಲು ಮಲ್ಲಮ್ಮಕ್ಕ ಬಿಡುವ ಹಾಗಿರಲಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಪುಡಿ ಬಡಿಸಿದಳು. ನಾನು ಪಡಸಾಲೆಯ ಗೋಡೆಗೆ ಒರಗಿ ಕೂತೆ. ಅವಳು ಸಂಜೆಯೊಳಗೆ ಯಾರಿಗೋ ಕೊಡಬೇಕಿದ್ದ ಕಂಡಿಕೆಗಳಿದ್ದವೆಂದು ರಾಟಿಯ ಮುಂದೆ ಕೂತಳು. ಒಂದು ಕೈ ರಾಟಿಯ ಮೇಲೆ, ಇನ್ನೊಂದರಲ್ಲಿ ನೂಲು. ಅವಳೂ ಮಗ್ಗವೂ ನನ್ನ ಕಣ್ಣೆದುರಿಗೇ ಇದ್ದರು. ಊಟದ ಹೊತ್ತಾದ್ದರಿಂದ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಬಿಸಿಲಿಗೆ ನಾಯಿಯೂ ಬೊಗಳುತ್ತಿರಲಿಲ್ಲ.

ಆಗ ಸದ್ದು ಬಂತು. ಮೊದಲು ಒಂದು ಪೆಟ್ಟು, ಸ್ವಲ್ಪ ತಡೆದು ಇನ್ನೊಂದು, ಕುಣಿಗೆ ಇಳಿದವರು ಕಾಲು ಹೊಂದಿಸಿಕೊಳ್ಳುವ ಹಾಗೆ. ಆಮೇಲೆ ಲಯ ಹಿಡಿಯಿತು. ದನಿ ನನ್ನದೇ, ಅನುಮಾನವಿಲ್ಲ. ವಾರಗಟ್ಟಲೆ ಕೂತು ತಿದ್ದಿದ ಆ ಕಟ್ಟಿಗೆಯ ಪೆಟ್ಟನ್ನು ನಾನು ಸಂತೆಯಲ್ಲಿದ್ದರೂ ಗುರುತು ಹಿಡಿಯುತ್ತೇನೆ. ಆದರೆ ನಡಿಗೆ ನನ್ನದಲ್ಲ. ನಾನು ಬರೆದದ್ದು ಒಂದೇ ಸಮನೆಯ ಏಟು. ಇದು ನಡುನಡುವೆ ಎಡವುತ್ತಿತ್ತು. ಕೆಲವು ಏಟು ನೆಟ್ಟಗೆ ಬಿದ್ದು, ಒಮ್ಮೆ ಟಕ್ ಎನ್ನುವಲ್ಲಿ ಟಕಟಕ್ ಎಂದು ಜೋಡಿ ಏಟು, ಒಂದು ಉಸಿರಿನಷ್ಟು ತಡ, ಮತ್ತೆ ಮೊದಲಿನ ಹಾಗೆ.

ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ಪುಟ ಸರಿಯಾಗಿ ಮುಚ್ಚಲಿಲ್ಲವೇನೋ ಎಂದುಕೊಂಡು ಎಂಜಲು ಕೈಯಲ್ಲೇ ಎದ್ದು ಮಗ್ಗದ ಹತ್ತಿರ ಹೋದೆ. ಟ್ಯಾಬಿನ ಪರದೆ ಕಪ್ಪಗಿತ್ತು. ಸದ್ದು ಅದರಿಂದಲೇ ಬರುತ್ತಿತ್ತು, ಬಗ್ಗಿ ಕಿವಿ ಕೊಟ್ಟು ಖಾತ್ರಿ ಮಾಡಿಕೊಂಡೆ. ಎಡಗೈ ಚಾಚಿದೆ. ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ಮುಗಿದುಹೋಗುತ್ತಿತ್ತು. ಒತ್ತಲಿಲ್ಲ. ಕೈ ಹಿಂದಕ್ಕೆ ಬಂತು.

ಅದೇ ಹೊತ್ತಿಗೆ ರಾಟಿಯ ಸದ್ದು ಬದಲಾದದ್ದು ಕೇಳಿಸಿ ತಿರುಗಿದೆ. ಮಲ್ಲಮ್ಮಕ್ಕ ನನ್ನನ್ನೂ ನೋಡುತ್ತಿರಲಿಲ್ಲ, ಟ್ಯಾಬನ್ನೂ ನೋಡುತ್ತಿರಲಿಲ್ಲ. ತಲೆ ಸ್ವಲ್ಪ ಬಾಗಿಸಿ, ಆ ಎಡವುವ ಲಯಕ್ಕೆ ಸರಿಯಾಗಿ ರಾಟಿ ತಿರುಗಿಸುತ್ತಿದ್ದಳು. ಮುಖದಲ್ಲಿ ಗಾಬರಿ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಕೆಲಸದಲ್ಲಿ ಮುಳುಗಿದ ಹೆಂಗಸಿನ ಮುಖ ಅದು. ಅದನ್ನು ನೋಡಿದ ಮೇಲೆ ನನಗೆ ನಿಜವಾಗಿ ಭಯವಾಯಿತು. ಬಾಯಲ್ಲಿದ್ದ ತುತ್ತು ಒಳಗೆ ಇಳಿಯಲಿಲ್ಲ, ಹೊರಗೂ ಬರಲಿಲ್ಲ.

ಹಾಗೆ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಒಂದು ಕಂಡಿಕೆ ನಡೆಯುವಷ್ಟು ಹೊತ್ತು ಎಂದು ಅವಳು ಆಮೇಲೆ ಹೇಳಿದಳು. ಸದ್ದು ಬರಬರುತ್ತ ಹಗುರಾಯಿತು. ರಾಟಿ ನಿಂತಿತು. ತುಂಬಿದ ಕಂಡಿಕೆಯನ್ನು ಕದಿರಿನಿಂದ ಬಿಡಿಸಿ, ಅವಳು ಕೂತಲ್ಲಿಂದಲೇ, ತಿರುಗಿ ನೋಡದೆ, ಮಗ್ಗದ ಕಡೆ ಕೈ ಚಾಚಿದಳು. ಆಮೇಲೆ 'ಟಕ್' ಎಂದು ಕಡೆಯ ಏಟು ಬಿದ್ದು ಸದ್ದು ನಿಂತಿತು. ಮೊದಲು ಅವಳ ಕೈ, ಆಮೇಲೆ ಮೌನ. ಇದನ್ನು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಚಾಚಿದ ಕೈ ಹಾಗೇ ಇತ್ತು. ಕಂಡಿಕೆಯನ್ನು ತೆಗೆದುಕೊಳ್ಳುವವರು ಯಾರೂ ಇರಲಿಲ್ಲ. ನಾನೇ ತೆಗೆದುಕೊಳ್ಳಲೇ ಎಂದು ಒಂದು ಕ್ಷಣ ಯೋಚಿಸಿದೆ. ಅದು ನನ್ನ ಕೆಲಸವಲ್ಲ ಎಂದು ಏಕೋ ಅನಿಸಿತು. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಮಗ್ಗವನ್ನು ನೋಡಿದಳು.

"ನಿಂತೈತಿ" ಎಂದಳು ಮೆಲ್ಲಗೆ. ಆಮೇಲೆ, "ಕಾಯಾಕತ್ತೈತಿ."

ಎದ್ದು ಬಂದು ಟ್ಯಾಬನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಗಂಡನ ಪಂಚೆಯನ್ನು ತೆಗೆದು, ಮಡಚಿ, ಕಣ್ಣಿಗೆ ಒತ್ತಿಕೊಂಡು ಗೂಡಿನಲ್ಲಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿಗೆ ಇಳಿದಳು. ಕಂಡಿಕೆಯನ್ನು ಲಾಳಿಗೆ ಹಾಕಿ, ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲನ್ನು ಹೊರಗೆ ಹೀರಿದಳು. ಮೊದಲ ಸಲ ಲಾಳಿ ಓಡಿಸುವ ಹಗ್ಗ ಎಳೆದಾಗ ಅದು ಹಾರಿ ನೆಲಕ್ಕೆ ಬಿತ್ತು. "ಥೂ ಇದರ" ಎಂದು ಬೈದು ಎತ್ತಿಕೊಂಡಳು. ಎರಡನೇ ಸಲ ಹೋಯಿತು. ಮೂರನೇ ಸಲ ಮಗ್ಗ ಸದ್ದು ಮಾಡಿತು, ನನ್ನದಲ್ಲ, ಕಟ್ಟಿಗೆಯ ಸದ್ದು. ನಂದವರಂ ಹತ್ತಿರದ ತವರಿನಲ್ಲಿ ಮದುವೆಗೆ ಮುಂಚೆ ಟವೆಲು ನೇಯುತ್ತಿದ್ದಳಂತೆ, ಕೈ ಪೂರ್ತಿ ಮರೆತಿರಲಿಲ್ಲ. ಅವಳ ಏಟು ನಿಧಾನ, ನೆಟ್ಟಗೆ, ಎಡವದೆ ಬೀಳುತ್ತಿತ್ತು. ನೇಯುತ್ತ ನೇಯುತ್ತ ಅತ್ತಳು. ನಾನೂ ಅತ್ತೆ. ಎಂಜಲು ಕೈ ಒಣಗಿಹೋಗುವ ತನಕ ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಆ ಜೋಡಿ ಏಟಿನ ವಿಷಯ ಅವಳು ಹೇಳಿದ್ದು ಆಮೇಲೆ, ಚಹಾ ಕುಡಿಯುವಾಗ. ಗಂಡ ಹುಡುಗನಾಗಿದ್ದಾಗ ಮಂತ್ರಾಲಯದ ದಾರಿಯಲ್ಲಿ ಸೈಕಲ್ಲಿನಿಂದ ಬಿದ್ದು ಎಡಗಾಲಿನ ಹರಡು, ಪಾದದ ಮೇಲಿನ ಗಂಟು, ಮುರಿದುಕೊಂಡಿದ್ದರಂತೆ. ನೇಯುವಾಗ ಆಗೀಗ ಆ ಕಾಲು ಹಲಗೆಯಿಂದ ಜಾರುತ್ತಿತ್ತು, ಹಣಿಗೆ ಎರಡು ಸಲ ಬೀಳುತ್ತಿತ್ತು. "ಓಣಿಗೆಲ್ಲ ಗೊತ್ತಿತ್ತವ್ವಾ, ಅದು ನಮ್ಮನಿಯವ್ರ ಮಗ್ಗ ಅಂತ" ಎಂದಳು. ನಾನು ಅವರನ್ನು ನೋಡಿದವಳಲ್ಲ, ಅವರ ಮಗ್ಗ ಕೇಳಿದವಳಲ್ಲ. ನನ್ನ ಪ್ರೋಗ್ರಾಮಿನಲ್ಲಿ ರೆಕಾರ್ಡ್ ಮಾಡಿದ ಒಂದೇ ಒಂದು ದನಿ ಇರಲಿಲ್ಲ.

ಈಗ ನೀವು ಕೇಳುವುದನ್ನೆಲ್ಲ ನಾನೇ ಕೇಳಿಕೊಂಡಿದ್ದೇನೆ. ಅಗ್ಗದ ಟ್ಯಾಬ್‌ಗಳ ಪರದೆಗೆ ಸೆಕೆಯಲ್ಲಿ ಯಾರೋ ಮುಟ್ಟಿದಂತೆ ಭ್ರಮೆಯಾಗುವುದುಂಟು. ಆದರೆ ಪರದೆ ಆರಿತ್ತು, ಪುಟ ಮುಚ್ಚಿತ್ತು. ಆಮೇಲೆ ತೆರೆದು ನೋಡಿದಾಗ ಬ್ರೌಸರ್ ಕೂಡ ತೆರೆದಿರಲಿಲ್ಲ. ಯಂತ್ರ ಬಿಸಿಯಾಗಿ ಲೆಕ್ಕ ಹಿಂದೆ ಬಿದ್ದರೆ ದನಿ ಎಡವುವುದುಂಟು. ಆಗ ಕರಕರ ಎಂದು ಕೆಟ್ಟದಾಗಿ ಎಡವುತ್ತದೆಯೇ ಹೊರತು, ಹರಡು ಮುರಿದ ಮನುಷ್ಯನ ಹಾಗೆ ಎಡವುವುದಿಲ್ಲ. ಬ್ಯಾಟರಿ ಉಳಿಸಲು ಯಂತ್ರ ತಾನಾಗಿ ಸದ್ದು ನಿಲ್ಲಿಸುವುದೂ ಉಂಟು. ಒಂದೊಂದನ್ನೂ ಬಿಡಿಬಿಡಿಯಾಗಿ ವಿವರಿಸಬಲ್ಲೆ. ಎಲ್ಲವನ್ನೂ ಒಂದೇ ಮಧ್ಯಾಹ್ನಕ್ಕೆ, ಅದೇ ಕ್ರಮದಲ್ಲಿ ಕೂಡಿಸಲು ನನ್ನಿಂದ ಆಗಿಲ್ಲ. ಆದೋನಿಗೆ ಬಂದು ಅದೇ ಟ್ಯಾಬನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟು ದಿನಗಟ್ಟಲೆ ಕಾದೆ. ಪಕ್ಕದ ಮನೆಯವರು ಏನಮ್ಮಾ ಟೀಚರಮ್ಮಾ, ಸಂಡಿಗೆ ಜೊತೆಗೆ ಅದನ್ನೂ ಒಣಗಿಸಾಕತ್ತೀರೇನು ಎಂದು ನಕ್ಕರು. ಅದು ಒಂದು ದಿನವೂ ಬಾಯಿ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ನಾನು ರಾತ್ರಿ ಅಲ್ಲೇ ಉಳಿದಿದ್ದೆ. ವೀರೇಶ ಕತ್ತರಿ ಹಿಡಿದು ಒಳಗೆ ಬಂದವನು ಅತ್ತಿಗೆ ಕುಣಿಯಲ್ಲಿ ಕೂತಿರುವುದನ್ನು ಕಂಡು ಬಾಗಿಲಲ್ಲೇ ನಿಂತ.

"ವದಿನಾ, ಇದೇನ್ ಕತಿ?" ಎಂದ. ಆ ಮನೆಯಲ್ಲಿ ಅತ್ತಿಗೆಯನ್ನು ತೆಲುಗಿನಲ್ಲೇ ಕರೆಯುವುದು.

"ಹಾಸು ಮುಗೀಲಿ, ಆಮ್ಯಾಲೆ ಹೇಳ್ತೀನಿ."

"ನಮ್ಮವ್ವ ಇದ್ದಿದ್ರ ಏನಂತಿದ್ಲು?"

"ನಿಮ್ಮವ್ವ ಇದ್ದಿದ್ರ ಕಂಡಿಕಿ ಸುತ್ತಿ ಕೊಡ್ತಿದ್ಲು. ಹೋಗು, ಒಳಗ ಚಾ ಐತಿ, ಕುಡಿ."

ವೀರೇಶ ಕತ್ತರಿಯನ್ನು ಕಿಸೆಯಲ್ಲಿಟ್ಟ. ಕುಣಿಯೊಳಗೆ ಬಗ್ಗಿ ನೋಡಿ, "ಎಡಗಾಲು ಇನ್ನಾ ಒಂದಿಷ್ಟು ಮುಂದಕ್ಕಿಡು" ಎಂದು ಹೇಳಿ ಚಹಾ ಕುಡಿಯಲು ಹೋದ. ಟ್ರ್ಯಾಕ್ಟರ್ ಬಂದ ದಾರಿಯಲ್ಲೇ ಹೋಯಿತು. ಕಲಾವಿದರ ಗುಂಪಿಗೆ ಫೋನ್ ಮಾಡಿ ಮಗ್ಗ ಬರುವುದಿಲ್ಲ ಎಂದೆ. ಅವರು ಸಹಜವಾಗಿ ಸಿಟ್ಟಾದರು, ಕಾರಣ ಕೇಳಿದರು. ಮಗ್ಗಕ್ಕೆ ಕೆಲಸವಿದೆ ಎಂದು ಹೇಳಿದೆ. ಅದಕ್ಕಿಂತ ಒಳ್ಳೆಯ ಕಾರಣ ನನಗೆ ಹೊಳೆಯಲಿಲ್ಲ.

ಪ್ರದರ್ಶನವೇನೂ ಕೆಡಲಿಲ್ಲ. ನಡುವಿನ ಜಾಗ ಖಾಲಿ ಬಿಟ್ಟೆವು, ಜನ ಅಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. ನಾನು ಪ್ರೋಗ್ರಾಮನ್ನು ತಿದ್ದಿದ್ದೆ. ಈಗ ಪ್ರತಿ ಫೋನಿನ ಮಗ್ಗಕ್ಕೂ ಕಂಡಿಕೆ ಮುಗಿಯುತ್ತಿತ್ತು. ದನಿ ಹಗುರಾಗಿ ನಿಲ್ಲುತ್ತಿತ್ತು, ಮತ್ತೆ ಮುಟ್ಟಿದರೆ ಮಾತ್ರ ನಡೆಯುತ್ತಿತ್ತು. ಪಟ್ಟಣದವರು ನೆಟ್‌ವರ್ಕ್ ಹೋಯಿತೆಂದು ಫೋನ್ ಕುಟ್ಟಿ ನೋಡುತ್ತಿದ್ದರು. ಎಮ್ಮಿಗನೂರಿನಿಂದ ಬಂದ ಹೆಂಗಸರ ಫೋನುಗಳು ಒಂದು ಸಲವೂ ನಿಲ್ಲಲಿಲ್ಲ. ದನಿ ಹಗುರಾಗುವ ಹೊತ್ತಿಗೆ, ಮಾತಾಡುತ್ತ, ನೋಡದೇ ಬೆರಳಿಡುತ್ತಿದ್ದರು. ಬ್ರೌಸರಿನ ಆ ನಿಯಮವನ್ನು ಶಪಿಸುತ್ತ ಬಂದಿದ್ದ ನನಗೆ, ಮುಟ್ಟಿದರೆ ಮಾತ್ರ ಮಾತಾಡುವುದು ಅಷ್ಟೇನೂ ಕೆಟ್ಟದ್ದಲ್ಲ ಎಂದು ಮೊದಲ ಸಲ ಅನಿಸಿತು.

ಮಳೆಗಾಲ ಹಿಡಿಯುವ ಹೊತ್ತಿಗೆ ಮಲ್ಲಮ್ಮಕ್ಕನ ಹಾಸು ಮುಗಿಯುತ್ತ ಬಂತು. ಕೆಚ್ಚುವ ದಿನ ಬಾ ಎಂದು ಹೇಳಿ ಕಳಿಸಿದಳು. ನಾನು ಹೋದಾಗ ವೀರೇಶ ಹೊಸ ಹಾಸು ತಂದು ಹೂಡಿದ್ದ. ಮಗ್ಗದ ಈ ಕಡೆ ಅವಳು, ಆ ಕಡೆ ಅವನು. ಬೆರಳನ್ನು ಬೂದಿಯಲ್ಲಿ ಅದ್ದಿ, ಹಳೆಯದೊಂದು ಎಳೆ, ಹೊಸದೊಂದು ಎಳೆ ಹಿಡಿದು ಹೊಸೆಯುತ್ತಿದ್ದರು. ಕಣ್ಣಿಗೆ ಕಾಣುವಷ್ಟೂ ಗಂಟಿರಲಿಲ್ಲ. ನನಗೆ ಎಳೆ ಬಿಡಿಸಿ ಕೊಡುವ ಕೆಲಸ ಸಿಕ್ಕಿತು. ವೀರೇಶ ಎಲೆ ಅಡಿಕೆಗೆಂದು ಎದ್ದು ಹೋದಾಗ, ಇಷ್ಟು ದಿನ ತಡೆದುಕೊಂಡಿದ್ದನ್ನು ಕೇಳಿಯೇ ಬಿಟ್ಟೆ.

"ಅಕ್ಕಾ, ಖರೆ ಹೇಳು. ಅವತ್ತು ಯಾರು ಅಂತೀ?"

"ಅದು ನನಗೇನ್ ಗೊತ್ತವ್ವಾ" ಎಂದಳು, ಎಳೆಯಿಂದ ಕಣ್ಣು ತೆಗೆಯದೆ. "ನಾನೂ ನಿನ್ನ ಒಂದ್ ಕೇಳ್ಬೇಕಂತಿದ್ದೆ. ನೀ ಅದನ್ನ ಆರ್ಸಾಕ ಹೋಗಿದ್ದಿ, ಕಣ್ಣಂಚಿನಾಗ ಕಂಡಿದ್ದೆ. ಆರ್ಸಿದ್ರ ಅಲ್ಲಿಗೆ ಮುಗೀತಿತ್ತು. ಮರುದಿನ ಈ ಎಳಿ ಎಲ್ಲ ಕತ್ತರೀಗೆ ಹೋಗ್ತಿದ್ದವು. ಯಾಕ ಕೈ ಹಿಂದಕ್ ತೊಗಂಡಿ?"

ನಾನು ಮುಂದಿನ ಎಳೆ ಬಿಡಿಸಿ ಕೊಟ್ಟೆ. ಅವಳು ಉತ್ತರಕ್ಕೆ ಕಾಯದೆ ಅದನ್ನು ಹಳೆಯ ಎಳೆಗೆ ಹೊಸೆದಳು. ಸಂಜೆಯ ಹೊತ್ತಿಗೆ ಕೊನೆಯ ಎಳೆಯೂ ಸೇರಿತು. ಮಲ್ಲಮ್ಮಕ್ಕ ಕುಣಿಗಿಳಿದು ಹಾಸನ್ನು ಮೆಲ್ಲಗೆ ಮುಂದಕ್ಕೆ ಎಳೆದಳು. ಮಾವನ ಕಾಲದ್ದು, ಗಂಡನದು, ತನ್ನದು, ಎಲ್ಲ ಒಂದಾಗಿ, ಒಂದೂ ಕಡಿಯದೆ ಹಣಿಗೆಯನ್ನು ದಾಟಿದವು.

ಅವಳ ಪ್ರಶ್ನೆಗೆ ಎಷ್ಟೋ ಉತ್ತರ ಮಾಡಿಕೊಂಡು ನೋಡಿದ್ದೇನೆ. ಭಯವಾಯಿತು ಎನ್ನೋಣವೆಂದರೆ, ಭಯವಾದವರು ಮೊದಲು ಆರಿಸುತ್ತಾರೆ. ಅವಳ ಮುಖ ನೋಡಿ ಮನಸ್ಸು ಬರಲಿಲ್ಲ ಎನ್ನೋಣವೆಂದರೆ, ನಾನು ತಿರುಗಿ ಅವಳ ಮುಖ ನೋಡಿದ್ದು ಕೈ ಹಿಂದಕ್ಕೆ ಬಂದ ಮೇಲೆ. ಕೈ ನನ್ನದೇ, ಅದರಲ್ಲಿ ಅನುಮಾನವಿಲ್ಲ. ಅದನ್ನು ಹಿಂದಕ್ಕೆ ತೆಗೆದುಕೊಂಡವಳು ನಾನೇ ಎಂದು ಮಾತ್ರ ಇವತ್ತಿಗೂ ಹೇಳಲಾರೆ.